ಅಳಿಯಂದಿರ ಮೂಟೆ

ನಮ್ಮ ಮನೆಯ ಕಾರನ್ನು ಹತ್ತುವುದಕ್ಕೆ ಯಾವ ಕ್ರಮವೂ ಇರಲಿಲ್ಲ. ಇಳಿಯುವುದಕ್ಕೆ ಇತ್ತು.

ಹೆಬ್ಬಾಳದ ಕೆರೆಯ ಏರಿ ಮುಗಿದು ಬೆಂಗಳೂರಿನ ಕಡೆಗೆ ರಸ್ತೆ ಮೇಲೇಳುವ ಜಾಗದಲ್ಲಿ ಆಗ ಒಂದು ಹುಣಸೇಮರವಿತ್ತು. ಅದರ ನೆರಳು ಬಾನೆಟ್ಟಿನ ಮೇಲೆ ಬೀಳುತ್ತಿದ್ದಂತೆ ನಮ್ಮ ಕಾರು ಕೆಮ್ಮುತ್ತಿತ್ತು. ಎರಡನೆಯ ಕೆಮ್ಮಿಗೆ ತಂಗಿ ಇಳಿಯಬೇಕು, ಮೂರನೆಯದಕ್ಕೆ ಅಮ್ಮ. ಆಮೇಲೂ ಗಾಡಿ ಏಳದಿದ್ದರೆ ಮನೆಯ ಯಜಮಾನರಾದ ಅಪ್ಪ, ಪೇಟ ಸರಿಮಾಡಿಕೊಂಡು, ಯಾರೋ ಸ್ವಾಗತಕ್ಕೆ ನಿಂತಿದ್ದಾರೆ ಎನ್ನುವ ಹಾಗೆ ಇಳಿಯುವರು. ಗಾಡಿ ನಡೆಸುವವನು ನಾನಾದ್ದರಿಂದ ನನಗೆ ಇಳಿಯುವ ಭಾಗ್ಯವಿರಲಿಲ್ಲ. ಜೊತೆಗೆ ನೆಂಟರಿದ್ದರೆ ಅಮ್ಮನ ಕಡೆಯವರು ಮೊದಲು, ಅಪ್ಪನ ಕಡೆಯವರು ಆಮೇಲೆ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ ಎಂದು ಅಪ್ಪ ಹೇಳುತ್ತಿದ್ದರು. ಬರೆದಿಟ್ಟಿದ್ದರೆ ಅದನ್ನು ಹರಿದು ಒಲೆಗೆ ಹಾಕಬಹುದಿತ್ತು ಎಂದು ಅಮ್ಮ ಹೇಳುತ್ತಿದ್ದಳು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಆರ್.ಟಿ. ನಗರ ಎಂದು ಕರೆಯುವ ಕಡೆ ಆಗ ರಾಗಿ ಹೊಲಗಳಿದ್ದವು. ಅವುಗಳ ಅಂಚಿನಲ್ಲಿ ಅವರು ಮನೆ ಕಟ್ಟಿದ್ದರು. ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಆ ಕಪ್ಪು ಕಾರನ್ನು ಕೊಂಡಿದ್ದರು. ದೊರೆ ಅದನ್ನು ಬಿಟ್ಟು ಹೋಗುವಾಗ ಕಣ್ಣೀರು ಹಾಕಿದ ಎಂದು ಅಪ್ಪ ವರ್ಣಿಸುತ್ತಿದ್ದರು. ಹಾಕಿರಬಹುದು. ಅವನೂ ಆ ಏರನ್ನು ಹತ್ತಿಸಲು ನೋಡಿದವನೇ ಅಲ್ಲವೇ.

ಐವತ್ತರ ದಶಕದ ಕೊನೆಯ ಒಂದು ವರ್ಷ ತಂಗಿಯ ಮದುವೆಯಾಯಿತು. ಹುಡುಗ ಯಲಹಂಕದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೊದಲ ದೀಪಾವಳಿಗೆ ಅಳಿಯನನ್ನು ಕರೆತರುವುದಕ್ಕೆ ನಾವು ಕಾರಿನಲ್ಲೇ ಹೋದೆವು. ಬರುವಾಗ ಹುಣಸೇಮರದ ನೆರಳು ಎಂದಿನಂತೆ ಬಿತ್ತು. ತಂಗಿ ಇಳಿದಳು, ಅಮ್ಮ ಇಳಿದಳು, ಅಪ್ಪ ಇಳಿದರು. ಗಾಡಿ ಏಳಲಿಲ್ಲ. ಮುಂದಿನ ಸೀಟಿನಲ್ಲಿ ಜರಿಯಂಚಿನ ಹೊಸ ಪಂಚೆ ಉಟ್ಟು ಭಾವ ಒಬ್ಬರೇ ಕೂತಿದ್ದರು. ಅಳಿಯನನ್ನು ಇಳಿಸುವ ಪದ್ಧತಿ ನಮ್ಮ ಕ್ರಮದಲ್ಲಿ ಇರಲೇ ಇಲ್ಲ. ಅಪ್ಪ ಕಿಟಕಿಯ ಹತ್ತಿರ ಬಂದು ಬಗ್ಗಿ, ಕಚೇರಿಯ ಭಾಷೆಯಲ್ಲಿ ಅರಿಕೆ ಮಾಡಿಕೊಂಡರು.

"ಅಳಿಯಂದಿರು ದಯಮಾಡಿ ಒಂದು ನಿಮಿಷದ ಮಟ್ಟಿಗೆ ಭೂಸ್ಪರ್ಶ ಮಾಡಬೇಕು."

ಭಾವ ಇಳಿದರು. ಗಾಡಿ ಆಗಲೂ ಏಳಲಿಲ್ಲ.

"ಹಾಗೇ ಹಿಂದಿನಿಂದ ಸ್ವಲ್ಪ ನೂಕುವ ಕೃಪೆಯಾದರೆ..."

ಕೃಪೆಯಾಯಿತು. ನಾನು ಕ್ಲಚ್ಚು ಬಿಟ್ಟ ಕೂಡಲೇ ಗಾಡಿ ಒಂದು ಸಲ ಡಬ್ಬೆಂದು ಕರೀ ಹೊಗೆ ಉಗುಳಿತು. ಸರಿಯಾಗಿ ಅದೇ ಹೊತ್ತಿಗೆ ಯಲಹಂಕದ ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಅದರ ಕಿಟಕಿಗಳಲ್ಲಿ ಭಾವನ ಹತ್ತನೇ ಕ್ಲಾಸಿನ ಅರ್ಧಭಾಗವೇ ಇತ್ತು. "ನಮಸ್ಕಾರ ಸಾರ್!" ಎಂದು ಅಷ್ಟೂ ಕಿಟಕಿಗಳು ಒಟ್ಟಿಗೆ ಕೂಗಿದವು. ಗುರುಭಕ್ತಿಯಲ್ಲಿ ಆ ಹುಡುಗರು ಎಳ್ಳಷ್ಟೂ ಕಡಿಮೆ ಮಾಡಲಿಲ್ಲ.

ಹಬ್ಬ ಮುಗಿಸಿ ಹೋಗುವಾಗ ಭಾವ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. ಕೋಪದಿಂದಲ್ಲ, ಪ್ರಮೇಯ ಹೇಳುವ ಹಾಗೆ.

"ಮಾವ, ನಿಮ್ಮ ಗಾಡಿ ನನ್ನನ್ನ ಕೂರಿಸ್ಕೊಂಡು ಆ ಏರು ಹತ್ತಿದ ದಿನ ನಾವು ಮತ್ತೆ ಬರ್ತೀವಿ."

'ಬರ್ತೀನಿ' ಅನ್ನಲಿಲ್ಲ, 'ಬರ್ತೀವಿ' ಅಂದರು. ಆ ಬಹುವಚನದೊಳಗೆ ತಂಗಿಯೂ ಸಿಕ್ಕಿಹಾಕಿಕೊಂಡಳು.

ಒಂದು ವರ್ಷ ಹೀಗೇ ಹೋಯಿತು. ಅಮ್ಮ ಆಗಾಗ ರೈಲಿನಲ್ಲಿ ಯಲಹಂಕಕ್ಕೆ ಹೋಗಿ ಮಗಳನ್ನು ನೋಡಿಕೊಂಡು ಬರುತ್ತಿದ್ದಳು. ಆಮೇಲೆ ತಂಗಿ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲಿ ಆಗಬೇಕು. ಏಳನೇ ತಿಂಗಳಿಗೆ ಕರೆತರಬೇಕು. ಅಮ್ಮ ಅದಕ್ಕೆಂದು ಕೋಣೆಗೆ ಸುಣ್ಣ ಹೊಡೆಸಿದಳು, ತೊಟ್ಟಿಲು ಅಟ್ಟದಿಂದ ಇಳಿಸಿದಳು. ಭಾವನ ಪ್ರಮೇಯ ಮಾತ್ರ ಇದ್ದಲ್ಲೇ ಇತ್ತು.

"ಒಂದು ಬಾಡಿಗೆ ಕಾರು ಮಾಡ್ಕೊಂಡು ಹೋಗಿ ಕರ್ಕೊಂಡು ಬನ್ನೀಂದ್ರೆ," ಎಂದಳು ಅಮ್ಮ.

"ಸ್ವಂತ ಕಾರಿರೋನು ಬಾಡಿಗೆ ಕಾರಲ್ಲಿ ಮಗಳನ್ನ ಕರ್ಕೊಂಡು ಬಂದ್ರೆ ನೋಡಿದೋರು ಏನಂತಾರೆ?"

"ಮಗಳು ಬಂದ್ಲು ಅಂತಾರೆ."

ಈ ಉತ್ತರವನ್ನು ಅಪ್ಪ ಪರಿಶೀಲನೆಗೆ ಇಟ್ಟುಕೊಂಡರು. ಅವರು ಪರಿಶೀಲನೆಗೆ ಇಟ್ಟುಕೊಂಡ ಯಾವುದೂ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ.

ಯಶವಂತಪುರದಲ್ಲಿ ನಮ್ಮ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಅಟ್ಟೂರಿನ ಕಡೆಯವನು. ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿದ್ದವನು; ಪ್ರಪಂಚದ ಎಲ್ಲ ಇಂಜಿನ್ನುಗಳನ್ನೂ ಒಮ್ಮೆ ಬಿಚ್ಚಿದ್ದೇನೆ ಎನ್ನುತ್ತಿದ್ದ. ಜೋಡಿಸಿದ್ದರ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. ಅಪ್ಪ ಅವನ ಮುಂದೆ ಸಂಗತಿಯನ್ನು ಆದ್ಯಂತವಾಗಿ ವಿವರಿಸಿದರು. ಮೇಸ್ತ್ರಿ ಕೇಳಿ ಮುಗಿಸಿ, ಬೆಂಚಿನ ಅಡಿಯಿಂದ ಒಂದು ಕಬ್ಬಿಣದ ವಸ್ತುವನ್ನು ಎಳೆದು, ಅದರೊಳಗಿದ್ದ ನಟ್ಟು ಬೋಲ್ಟುಗಳನ್ನು ನೆಲಕ್ಕೆ ಸುರಿದ. ನೋಡುವುದಕ್ಕೆ ಅದು ಎರಡು ದೊಡ್ಡ ಬಸವನಹುಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗಿತ್ತು.

"ಗಾಡೀದು ಏನೂ ತಪ್ಪಿಲ್ಲ ಯಜಮಾನ್ರೇ. ಉಸ್ರು ಸಾಲ್ದು, ಅಷ್ಟೇಯ. ಇದ್ರ ಎಸ್ರು ಟರ್ಬೊ ಅಂತ. ಗುಜರೀಗೆ ಬಂದಿದ್ ಒಂದು ಡೀಸಲ್ ಜನರೇಟರ್‌ನಾಗಿತ್ತು. ಇದ್ನ ಕೂರ್ಸಿದ್ರೆ ಗಾಡಿ ಒಗೇನೇ ಗಾಡೀಗೆ ಗಾಳಿ ಊದ್ತದೆ."

"ಹೊಗೆ ಹೇಗಯ್ಯಾ ಗಾಳಿ ಊದುತ್ತೆ?"

"ಇಂಗೆ ನೋಡಿ. ಈ ಕಡೆಯಿಂದ ಒಗೆ ನುಗ್ಗಿ ಈ ಚಕ್ರ ತಿರುಗಿಸ್ತದೆ. ಅದೇ ಕಡ್ಡೀಗೆ ಆ ಕಡೆ ಇನ್ನೊಂದ್ ಚಕ್ರ. ಅದು ಒರಗಿನ್ ಗಾಳೀನ ಒತ್ತಿ ಒತ್ತಿ ಇಂಜಿನ್ನಿಗೆ ತುಂಬ್ತದೆ. ಒಳಗೆ ಗಾಳಿ ಜಾಸ್ತಿಯಾದ್ರೆ ಬೆಂಕಿ ಜಾಸ್ತಿ. ಬೆಂಕಿ ಜಾಸ್ತಿಯಾದ್ರೆ ನಿಮ್ ಅಳಿಯ ಮ್ಯಾಲೆ."

ಮನೆಗೆ ಬಂದು ಅಪ್ಪ ಇದನ್ನು ಅಮ್ಮನಿಗೆ ವಿವರಿಸಿದರು. ಅಮ್ಮ ಒಲೆಯ ಮುಂದೆ ಕೂತು ಕೇಳಿದಳು.

"ಊದುಗೊಳವೆ ಅನ್ನಿ," ಎಂದಳು. "ನಾನು ಮೂವತ್ತು ವರ್ಷದಿಂದ ದಿನಾ ಊದ್ತಾ ಇದೀನಿ. ನನ್ನ ಹೊಗೆ ಮಾತ್ರ ಕಣ್ಣಿಗೆ ಬರುತ್ತೆ, ಒಲೆ ಊದೋಕೆ ಬರಲ್ಲ."

ಓಡಲಾರದ ಗಾಡಿಯನ್ನು ಓಡಿಸುವುದಕ್ಕೆ ಬಸವನಹುಳುವನ್ನು ಕಟ್ಟಿದ ಕೀರ್ತಿ ಬೆಂಗಳೂರಿನ ಉತ್ತರ ಭಾಗದಲ್ಲಿ ಬೇರೆ ಯಾವ ಕುಟುಂಬಕ್ಕೂ ಸಲ್ಲುವುದಿಲ್ಲವೆಂದು ನಂಬಿದ್ದೇನೆ. ಮೂರು ವಾರ ಕೆಲಸ ನಡೆಯಿತು. ಹೊಗೆಯ ಕೊಳವೆಯನ್ನು ಕತ್ತರಿಸಿ ಹುಳುವಿನ ಬಾಯಿಗೆ ತಿರುಗಿಸಿದ್ದಾಯಿತು. ಕಾರ್ಬುರೇಟರನ್ನು ಇದ್ದಲ್ಲಿಂದ ಕಿತ್ತು ಹುಳುವಿನ ಇನ್ನೊಂದು ಬಾಯಿಗೆ ತೊಡಿಸಿದ್ದಾಯಿತು. ಅದರ ಕಡ್ಡಿಗೆ ಎಣ್ಣೆ ಹೋಗಲು ತಾಮ್ರದ ಸಣ್ಣ ಕೊಳವೆಯೊಂದನ್ನು ಎಳೆದದ್ದಾಯಿತು. ಗಾಳಿಯ ಒತ್ತಡಕ್ಕೆ ಇಂಜಿನ್ನು ಒಡೆಯಬಾರದೆಂದು ಮೇಸ್ತ್ರಿ ಅದರ ತಲೆಯ ಕೆಳಗೆ ಒಂದಿದ್ದ ತೆಳು ಗ್ಯಾಸ್ಕೆಟ್ ತಗಡನ್ನು ಎರಡು ಮಾಡಿದ. ಇದರಿಂದ ಇಂಜಿನ್ನಿನ ಕಸುವು ಒಂದಿಷ್ಟು ತಗ್ಗುತ್ತದೆ, ಗಾಳಿ ಬಂದಮೇಲೆ ಸರಿಹೋಗುತ್ತದೆ ಎಂದ. ಈ ಮಾತನ್ನು ನಾವು ಆಗ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಎಲ್ಲ ಮುಗಿದಮೇಲೆ ಬಾನೆಟ್ಟು ಮುಚ್ಚಲಿಲ್ಲ. ಪಕ್ಕದ ತಗಡನ್ನು ತೆಗೆದು ಹಾಗೇ ಬಿಟ್ಟೆವು. ಹುಳು ಹೊರಗೆ ಇಣುಕಿ ದಾರಿಹೋಕರನ್ನು ನೋಡುತ್ತಿತ್ತು.

ಇನ್ನು ಪರೀಕ್ಷೆ. ಅಳಿಯನನ್ನು ಕೂರಿಸಿಕೊಂಡು ಸೋಲುವುದಕ್ಕಿಂತ ಮೊದಲೇ ಅಷ್ಟು ಭಾರ ಹೇರಿ ನೋಡಬೇಕು ಎಂದು ಅಪ್ಪ ತೀರ್ಮಾನಿಸಿದರು. ಮನೆಯಲ್ಲಿ ರಾಗಿಯಿತ್ತು, ತಕ್ಕಡಿಯಿತ್ತು. ಅಮ್ಮನ ತೂಕವನ್ನು ಅಪ್ಪ ಅಂದಾಜಿನಲ್ಲಿ ಹೇಳಿ, ಆ ದಿನ ತಣ್ಣಗಿನ ಅನ್ನ ಉಂಡರು. ಭಾವನ ತೂಕ ತಿಳಿಯುವುದೇ ಕಷ್ಟವಾಯಿತು. 'ನೀವು ಎಷ್ಟು ತೂಗುತ್ತೀರಿ' ಎಂದು ಅಳಿಯನನ್ನು ಕೇಳುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಕೊನೆಗೆ ತಂಗಿಯೇ ದಾರಿ ತೋರಿಸಿದಳು. ರೈಲ್ವೆ ಸ್ಟೇಷನ್ನಿನಲ್ಲಿ ನಿಂತರೆ ತೂಕದ ಚೀಟಿ ಕೊಡುವ ಯಂತ್ರವಿರುತ್ತಿತ್ತಲ್ಲ, ಅದರಲ್ಲಿ ಭಾವ ಹಿಂದೊಮ್ಮೆ ನಿಂತಿದ್ದರಂತೆ. ಆ ಚೀಟಿಯನ್ನು ಗುಟ್ಟಾಗಿ ಅಮ್ಮನ ಕೈಯಲ್ಲಿ ಕಳಿಸಿದಳು. ಹಿಂದುಗಡೆ ಭವಿಷ್ಯವೂ ಅಚ್ಚಾಗಿತ್ತು: 'ವಾಹನಯೋಗವಿದೆ.'

ನಾಲ್ಕು ಮೂಟೆಗಳು ಸಿದ್ಧವಾದವು. ಅಪ್ಪ ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದರು: ಮಗಳು, ಯಜಮಾನಿ, ಯಜಮಾನ, ಅಳಿಯಂದಿರು. ಮೊದಲ ಮೂರನ್ನು ಹಿಂದೆ ತುಂಬಿದೆವು. ಅಳಿಯಂದಿರನ್ನು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆವು. ಅಪ್ಪ ಮತ್ತು ಮೇಸ್ತ್ರಿ ಹುಣಸೇಮರದ ಕೆಳಗೆ ನಿಂತರು. ನಾನು ಕೆರೆಯ ಏರಿಯ ಮೇಲಿಂದ ಗಾಡಿ ತಂದೆ.

ಮರದವರೆಗೂ ಬರಲಿಲ್ಲ. ಹತ್ತು ಮಾರು ಹಿಂದೆಯೇ ಉಸಿರು ಕಟ್ಟಿ ನಿಂತಿತು. ಮೊದಲಾದರೆ ಕೆಮ್ಮುತ್ತಿತ್ತು, ಈಗ ಅದೂ ಇಲ್ಲ.

"ಗಾಳಿ ಬರಾಕೆ ಮುಂಚೇನೆ ಸತ್ತೋಯ್ತು," ಎಂದ ಮೇಸ್ತ್ರಿ. "ಭಾರ ಇಳ್ಸಿ ನೋಡವ." ಹೀಗೆಂದು ಮುಂದಿನ ಬಾಗಿಲು ತೆಗೆದು ಮೂಟೆಗೆ ಕೈಹಾಕಿದ.

"ಏಯ್! ಅದನ್ನ ಮುಟ್ಟಬೇಡ!" ಅಪ್ಪ ಕೂಗಿಕೊಂಡ ರೀತಿಗೆ ಕೆರೆಯಲ್ಲಿದ್ದ ಕೊಕ್ಕರೆಗಳು ಎದ್ದವು. "ಅದು ಅಳಿಯಂದಿರದು."

"ಯಜಮಾನ್ರೇ, ಇದು ರಾಗಿ."

"ರಾಗಿಯಾದರೇನು? ಮೊದಲು ಮಗಳನ್ನ ಇಳಿಸು."

ಮಗಳನ್ನು ಇಳಿಸಿದ. ಆಮೇಲೆ ಯಜಮಾನಿ, ಆಮೇಲೆ ಯಜಮಾನ. ಮೂರು ಮೂಟೆಗಳು ಕ್ರಮವಾಗಿ ರಸ್ತೆಯಂಚಿಗೆ ಕೂತವು. ನಾನು ಮತ್ತು ಅಳಿಯಂದಿರ ಮೂಟೆ ಇಬ್ಬರೇ ತೆವಳುತ್ತ ತೆವಳುತ್ತ ಏರು ಮುಗಿಸಿದೆವು. ಮೇಲೆ ರಸ್ತೆ ಸಮವಾಯಿತು. ಇನ್ನೇನು ನಿಲ್ಲಿಸಬೇಕು, ಆಗ ಬಾನೆಟ್ಟಿನ ಪಕ್ಕದಿಂದ ಸಣ್ಣಗೆ ಒಂದು ಸಿಳ್ಳು ಕೇಳಿಸಿತು. ಅದು ದೊಡ್ಡದಾಯಿತು. ಹುಳು ಎಚ್ಚೆತ್ತಿತ್ತು. ಯಾರೋ ಹಿಂದಿನಿಂದ ಒದ್ದ ಹಾಗೆ ಗಾಡಿ ಹಾರಿತು. ದಾರಿಯಲ್ಲಿದ್ದ ಕೋಳಿಗಳು ಹೇಗೆ ತಪ್ಪಿಸಿಕೊಂಡವೋ ಗೊತ್ತಿಲ್ಲ. ನಾನು ಬ್ರೇಕು ಹಾಕಿದಾಗ ಅಳಿಯಂದಿರು ಮುಗ್ಗರಿಸಿ ನನ್ನ ತೊಡೆಯ ಮೇಲೆ ಬಿದ್ದರು.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅಪ್ಪನಿಗೆ ವಿಷಯ ತಿಳಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮಂಜೂರಾತಿ ಯಾವಾಗಲೂ ಹಾಗೆಯೇ," ಎಂದರು. "ಕೆಲಸ ಮುಗಿದ ಮೇಲೆ ಬರುತ್ತೆ."

ಮೇಸ್ತ್ರಿ ತಲೆ ಕೆರೆದುಕೊಂಡು ಕಾರಣ ಹುಡುಕಿದ. ಹುಳು ದೊಡ್ಡದು, ನಮ್ಮ ಇಂಜಿನ್ನು ಸಣ್ಣದು. ಇದರ ಹೊಗೆಗೆ ಆ ಚಕ್ರ ವೇಗ ಹಿಡಿಯಬೇಕಾದರೆ ಹೊತ್ತು ಬೇಕು. ಆದ್ದರಿಂದ ದೂರದಿಂದಲೇ ಓಡಿ ಬರಬೇಕು. ಕೆಂಪಾಪುರದ ದಾರಿ ಸೇರುವ ಕಡೆಯಿಂದ ಎರಡನೇ ಗೇರಿನಲ್ಲಿ ಕಾಲು ಎತ್ತದೆ ಒತ್ತಿಕೊಂಡು ಬಂದರೆ, ಏರಿ ಮುಗಿಯುವ ಹೊತ್ತಿಗೆ ಸಿಳ್ಳು ಶುರುವಾಗಿರುತ್ತದೆ, ಆಗ ಹತ್ತುತ್ತದೆ. ನಡುವೆ ಎಲ್ಲಿಯೂ ನಿಲ್ಲಿಸಕೂಡದು. ನಿಂತರೆ ಹೋದ ಗಾಳಿ ಹೋಯಿತು.

ಹಾಗೆಯೇ ಮಾಡಿದೆವು. ನಾಲ್ಕು ಮೂಟೆಗಳೂ ಮೇಲೆ ಬಂದವು. ಇನ್ನೊಮ್ಮೆ ಮಾಡಿದೆವು, ಇನ್ನೊಮ್ಮೆಯೂ ಬಂದವು. ಅಪ್ಪ ಆ ಸಂಜೆಯೇ ಅಳಿಯನಿಗೆ ಕಾಗದ ಬರೆದರು: 'ತಾವು ಸೂಚಿಸಿದ್ದ ನ್ಯೂನತೆಯನ್ನು ಸರಿಪಡಿಸಲಾಗಿದೆ. ತಾವು ಸಕುಟುಂಬ ಆರೋಹಣ ಮಾಡಿ ಪರಾಂಬರಿಸಬೇಕು.' ಭಾವ ಕಾರ್ಡಿನಲ್ಲಿ ಒಂದೇ ಸಾಲು ಬರೆದರು: 'ಶುಕ್ರವಾರ, ರಾಹುಕಾಲ ಕಳೆದ ಮೇಲೆ.'

ಆ ಶುಕ್ರವಾರ ಯಲಹಂಕದಲ್ಲಿ ಊಟ ಮುಗಿಸಿ, ತಂಗಿಗೆ ಮಡಿಲು ತುಂಬಿಸಿ ಹೊರಟೆವು. ಹಿಂದೆ ಅಪ್ಪ, ಅಮ್ಮ, ನಡುವೆ ತಂಗಿ. ಮುಂದೆ ಭಾವ, ಅದೇ ಜರಿಯಂಚಿನ ಪಂಚೆಯಲ್ಲಿ. ಅದರ ಮೇಲಿನ ಹೊಗೆಯ ಕಲೆ ಪೂರ್ತಿ ಹೋಗಿರಲಿಲ್ಲ. ಬೇಕೆಂದೇ ಉಟ್ಟಿದ್ದರೆಂದು ನನ್ನ ಗುಮಾನಿ. ಅವರು ಹುಳುವನ್ನು ಒಂದು ಸಲ ನೋಡಿದರು.

"ಇದೇನು ಭಾವ?"

"ಗಾಳಿ ಊದೋದು ಭಾವ."

"ನಿಮ್ಮ ಮನೇಲಿ ಅದಕ್ಕೆ ಕೊರತೆ ಇತ್ತೇ?" ಎಂದು ಹತ್ತಿ ಕೂತರು.

ಮೇಸ್ತ್ರಿ ಏರಿನ ಬುಡದಲ್ಲಿ ಕೆಂಪು ಬಟ್ಟೆ ಹಿಡಿದು, ಎತ್ತಿನ ಗಾಡಿಗಳನ್ನೆಲ್ಲ ಪಕ್ಕಕ್ಕೆ ತಡೆದು ನಿಂತಿದ್ದ. ಗಾಡಿ ಹೊಡೆಯುವವರು ಮಂತ್ರಿಗಳ ಸವಾರಿ ಬರುತ್ತದೆಂದು ಇಳಿದು ನಿಂತಿದ್ದರಂತೆ. ಕೆಂಪಾಪುರದ ತಿರುವು ಬಂತು. ನಾನು ಎರಡನೇ ಗೇರಿಗೆ ಹಾಕಿ ಕಾಲು ಒತ್ತಿದೆ. ಇಂಜಿನ್ನು ಅರಚಿತು. ತೆರೆದ ಪಕ್ಕದಿಂದ ಕಾದ ಎಣ್ಣೆಯ ವಾಸನೆ, ಪೆಟ್ರೋಲಿನ ವಾಸನೆ ಒಟ್ಟಿಗೆ ಒಳಗೆ ನುಗ್ಗಿತು. ಕೆರೆಯ ಏರಿಯ ಅರ್ಧಕ್ಕೆ ಬರುವಾಗ ಸಿಳ್ಳು ಶುರುವಾಯಿತು. ಅಪ್ಪ ಹಿಂದಿನಿಂದ ಮುಂದಕ್ಕೆ ಬಾಗಿದರು. ಮದುವೆಯಲ್ಲಿ ಮುಹೂರ್ತದ ಗಳಿಗೆ ಬಂದಾಗಲೂ ಅವರ ಮುಖ ಅಷ್ಟು ಬಿಗಿದಿರಲಿಲ್ಲ.

"ಅಣ್ಣ, ನಿಲ್ಸು," ಎಂದಳು ತಂಗಿ.

ಸಿಳ್ಳಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದು ನಟಿಸಲು ನನಗೆ ಒಂದು ಕ್ಷಣ ಆಸೆಯಾಯಿತು.

"ನಿಲ್ಸೋ, ವಾಂತಿ ಬರ್ತಿದೆ!"

"ಇನ್ನೊಂದೇ ಫರ್ಲಾಂಗು ಕಣಮ್ಮ," ಎಂದರು ಅಪ್ಪ. ಅವರ ದನಿಯಲ್ಲಿ ಅಷ್ಟು ದೈನ್ಯವನ್ನು ನಾನು ಎಂದೂ ಕೇಳಿರಲಿಲ್ಲ. "ಮೂಗು ಮುಚ್ಕೋ. ಈಗ ನಿಂತ್ರೆ ಗಾಳಿ ಹೋಗ್ಬಿಡುತ್ತೆ."

"ಗಾಳಿ ಹಾಳಾಗ್ಲಿ, ನಿಲ್ಸೋ!" ಎಂದಳು ಅಮ್ಮ.

ಅಷ್ಟರಲ್ಲಿ ಭಾವ ನನ್ನ ತೋಳು ಹಿಡಿದಿದ್ದರು. "ನಿಲ್ಲಿಸ್ರೀ ಮೊದಲು!"

ನಿಲ್ಲಿಸಿದೆ. ಸಿಳ್ಳು ಇಳಿಯುತ್ತ ಇಳಿಯುತ್ತ ಸತ್ತಿತು. ನೋಡಿದರೆ ಹುಣಸೇಮರದ ನೆರಳು ಬಾನೆಟ್ಟಿನ ಮೇಲೆ ಬಿದ್ದಿತ್ತು. ಗಾಡಿ ಇನ್ನೂ ಪೂರ್ತಿ ನಿಲ್ಲುವ ಮೊದಲೇ, ಯಾರ ಅರಿಕೆಗೂ ಕಾಯದೆ, ಎಲ್ಲರಿಗಿಂತ ಮೊದಲು ಇಳಿದವರು ಅಳಿಯಂದಿರು. ಹಿಂದಿನ ಬಾಗಿಲು ತೆಗೆದು ತಂಗಿಯನ್ನು ಇಳಿಸಿಕೊಂಡು, ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಅವಳ ಹಣೆ ಹಿಡಿದುಕೊಂಡು ನಿಂತರು. ಪಂಚೆಗೆ ಮತ್ತೊಂದು ಕಲೆಯಾಯಿತು.

ಬಾಯಿ ತೊಳೆದು ಸುಧಾರಿಸಿಕೊಂಡ ತಂಗಿ ಕಾರಿನ ಕಡೆ ನೋಡಿದಳು.

"ನಾನು ಮತ್ತೆ ಅದರೊಳಗೆ ಕೂರಲ್ಲಪ್ಪ. ತಣ್ಣಗೆ ಗಾಳಿ ಬೀಸ್ತಾ ಇದೆ, ನಡ್ಕೊಂಡೇ ಬರ್ತೀನಿ. ಈ ಏರನ್ನ ನಾನು ಎಷ್ಟು ಸಲ ನಡೆದಿಲ್ಲ?"

"ಅಳಿಯಂದಿರಾದರೂ ದಯಮಾಡಿ..." ಅಪ್ಪ ಮುಂದಿನ ಬಾಗಿಲನ್ನು ತೆರೆದು ಹಿಡಿದುಕೊಂಡಿದ್ದರು. "ಒಂದೇ ನಿಮಿಷ ಹಿಂದಕ್ಕೆ ಹೋಗಿ ಓಡಿ ಬಂದುಬಿಡ್ತೀವಿ."

"ಏಳು ತಿಂಗಳ ಬಸುರಿ ನಡೆಯುವಾಗ ನಾನು ಕೂತು ಹೋಗೋದು ಹೇಗೆ ಮಾವ? ನೀವು ಹತ್ತಿಸಿ. ನಾವು ನಡ್ಕೊಂಡು ಬರ್ತೀವಿ."

ಮತ್ತೆ ಅದೇ 'ಬರ್ತೀವಿ.' ಅಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಹೊರಟಳು.

ಉಳಿದವರು ನಾನು ಮತ್ತು ಅಪ್ಪ. ಮುಂದಿನ ಸೀಟು ಖಾಲಿಯಾಗಿದ್ದರೂ ಅವರು ಅದರಲ್ಲಿ ಕೂರಲು ಒಪ್ಪಲಿಲ್ಲ. ಗಾಡಿ ತಿರುಗಿಸಿಕೊಂಡು ಕೆಂಪಾಪುರದವರೆಗೆ ಹೋಗಿ ಮತ್ತೆ ಓಡಿ ಬಂದೆವು. ಆ ದಿನ ಅದು ಓಡಿದ ಹಾಗೆ ಇನ್ನೆಂದೂ ಓಡಲಿಲ್ಲ. ಮೇಸ್ತ್ರಿ ಬಟ್ಟೆ ಬೀಸಿ ಕುಣಿದ. ಸಿಳ್ಳು ಹಾಕುತ್ತ, ನಡೆದು ಹೋಗುತ್ತಿದ್ದ ಮೂವರನ್ನು ದಾಟಿ, ದೇವರಿಲ್ಲದ ಪಲ್ಲಕ್ಕಿಯ ಹಾಗೆ ನಾವು ಏರು ಹತ್ತಿದೆವು. ದಾಟುವಾಗ ಅಪ್ಪ ಕಿಟಕಿಯಿಂದ ಕೈಯೆತ್ತಿ ತೋರಿಸಿದರು. ಅತ್ತ ಕಡೆಯಿಂದ ಯಾರೂ ನೋಡಲಿಲ್ಲ. ಗಂಡ ಹೆಂಡತಿ ಏನೋ ಮಾತಾಡಿಕೊಂಡು ನಗುತ್ತಿದ್ದರು.

ಅವರು ಮಾತಾಡಿದ್ದನ್ನು ನಾಲ್ಕು ಹೆಜ್ಜೆ ಹಿಂದಿದ್ದ ಅಮ್ಮ ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳಬಾರದಾಗಿತ್ತು, ಆದರೆ ಗಾಳಿ ಹಿಂದಕ್ಕೆ ಬೀಸುತ್ತಿತ್ತು ಎಂದು ಆಮೇಲೆ ನನಗೆ ಹೇಳಿದಳು.

"ಅವತ್ತು ನಾನು ಗಾಡಿ ನೂಕುವಾಗ ನೀನು ನಕ್ಕೆ," ಎಂದಿದ್ದರು ಭಾವ.

"ಅಯ್ಯೋ, ಅದಕ್ಕೇನಾ ಇಷ್ಟು ದಿನ? ನಿಮ್ಮ ಕಚ್ಚೆ ಬಿಚ್ಚಿ ಹಿಂದೆ ಬಾಲದ ಹಾಗೆ ಎಳೀತಿತ್ತಲ್ರೀ. ನಗದೆ ಏನ್ಮಾಡ್ಲಿ?"

"ಬಿಚ್ಚಿತ್ತಾ? ಬಸ್ಸು ಬಂದಾಗಲೂ?"

"ಬಸ್ಸು ಬರೋಕೆ ಮುಂಚೇನೇ."

ಇದಕ್ಕೆ ಗಣಿತದ ಮೇಷ್ಟ್ರು ರಸ್ತೆ ನಡುವೆ ನಿಂತು ನಕ್ಕರಂತೆ.

ಏರಿನ ತುದಿಯಲ್ಲಿ ಅಪ್ಪ ಕಾರಿನ ಪಕ್ಕ ನೆಟ್ಟಗೆ ನಿಂತು ಕಾಯುತ್ತಿದ್ದರು. ಮೂವರೂ ಬಂದು ತಲುಪಿದರು. ತಂಗಿಯ ಮುಖಕ್ಕೆ ಬಣ್ಣ ಮರಳಿತ್ತು.

"ಗಾಡಿ ಹತ್ತಿತಲ್ಲ ಮಾವ," ಎಂದರು ಭಾವ.

"ಹತ್ತಿತು. ಆದರೆ ತಮ್ಮನ್ನು ಕೂರಿಸಿಕೊಂಡಲ್ಲ. ಷರತ್ತು..." ಅಪ್ಪ ಕಡತ ಮುಚ್ಚದ ಮನುಷ್ಯ.

"ಏರು ಮುಗೀತಲ್ಲ, ಬನ್ನಿ ಹೋಗೋಣ. ಅವಳಿಗೆ ಕಾಫಿ ಬೇಕಂತೆ."

ತಂಗಿ ಆ ಕಾರನ್ನು ಹತ್ತಲಿಲ್ಲ. ಹಿಂದೆ ಬಂದ ಬಸ್ಸಿಗೆ ಕೈ ತೋರಿಸಿದಳು. ಅವಳು, ಭಾವ, ಅಮ್ಮ ಮೂವರೂ ಬಸ್ಸಿನಲ್ಲಿ ಮನೆಗೆ ಬಂದರು. ನಾವಿಬ್ಬರು ಸಿಳ್ಳು ಹಾಕಿಕೊಂಡು ಅವರ ಹಿಂದೆ ಬಂದೆವು.

ಹೆಣ್ಣು ಮಗು ಹುಟ್ಟಿತು. ಮೇಸ್ತ್ರಿ ಹುಳುವನ್ನು ಬಿಚ್ಚಿ, ಗ್ಯಾಸ್ಕೆಟ್ಟು ಒಂದೇ ಮಾಡಿ, ಗಾಡಿಯನ್ನು ಅದರ ಹಳೆಯ ಕೆಮ್ಮಿಗೆ ಮರಳಿಸಿದ. ಮೂರು ತಿಂಗಳಾದ ಮೇಲೆ ತಂಗಿಯನ್ನೂ ಮಗುವನ್ನೂ ಯಲಹಂಕಕ್ಕೆ ಬಿಟ್ಟು ಬಂದೆವು. ಆಮೇಲಿನ ದೀಪಾವಳಿಗೆ ಅವರನ್ನು ಕರೆತರುವಾಗ ಹುಣಸೇಮರದ ನೆರಳು ಬಾನೆಟ್ಟಿನ ಮೇಲೆ ಬಿತ್ತು. ಗಾಡಿ ಎರಡು ಸಲ ಕೆಮ್ಮಿತು. ಅಪ್ಪ ಕ್ರಮದ ಪ್ರಕಾರ ಮಗಳ ಕಡೆ ನೋಡಿದರು. ಅಷ್ಟರಲ್ಲಿ ಮುಂದಿನ ಬಾಗಿಲು ತೆರೆದುಕೊಂಡಿತ್ತು. ಭಾವ ಇಳಿದು, ಕಚ್ಚೆಯನ್ನು ಎರಡು ಸಲ ಬಿಗಿದು ನೋಡಿಕೊಂಡು, ಹಿಂದಕ್ಕೆ ಹೋಗಿ ನಿಂತಿದ್ದರು.

"ಬಿಡ್ರೀ ಕ್ಲಚ್ಚು," ಎಂದರು.